ಶರಣಪ್ಪನ ಪಾಲಿನ ಬೆಳ್ಳಕ್ಕಿ

ಶಿವಶರಣಪ್ಪನ ಮಂಡಿಗಳು ಮಡಚುತ್ತಲೇ ಇರಲಿಲ್ಲ. ಬಲಗಾಲನ್ನು ಮುಜಫ್ಫರ್ ಹಿಡಿದಿದ್ದ, ಎಡಗಾಲನ್ನು ದೊಡ್ಡಮುನಿಯಪ್ಪ ಹಿಡಿದಿದ್ದ. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಚಾಪೆಯ ಮೇಲೆ ಮಲಗಿದ್ದವನೊಬ್ಬನನ್ನು ಬಿಟ್ಟು ಉಳಿದಿಬ್ಬರೂ ಏದುಸಿರು ಬಿಡುತ್ತಿದ್ದರು.

"ಬಿಡೋ ಸಾಬೀ, ಮುರ್ದೋದಾತು," ಎಂದು ದೊಡ್ಡಮುನಿಯಪ್ಪ ಕೈ ತೆಗೆದ.

"ಮುರಿಯಲ್ಲ ಗೌಡ್ರೆ. ಜಾಮ್ ಆಗಿರೋ ಬೋಲ್ಟು ಇದ್ದಂಗೆ ಇದು. ಜೋರು ಮಾಡಿದ್ರೆ ಕೆಡುತ್ತೆ, ಪುಸಲಾಯಿಸಿದ್ರೆ ಬರುತ್ತೆ." ಮುಜಫ್ಫರ್ ತಲೆಯೆತ್ತಿ ನೋಡಿದ. "ಪದ್ಮಾ, ಇನ್ನೊಂಚೂರು ಬಿಸಿ ಎಣ್ಣೆ ತಗೊಂಬಾಮ್ಮ."

ಮಗಳು ಪದ್ಮಶ್ರೀ ಅಡುಗೆಮನೆಗೆ ಓಡಿದಳು. ಬೆಳಗಿನ ಜಾವ ಮೂರಕ್ಕೆ ಅಪ್ಪನ ಉಸಿರು ನಿಂತಿತ್ತು. ಆಸ್ಪತ್ರೆಯವರು ಆ ಸಹಿ, ಈ ಸಹಿ ಎಂದು ಹೆಣ ಕೊಟ್ಟಾಗ ಹತ್ತು ಗಂಟೆ. ಅಷ್ಟರಲ್ಲಿ ಕೈಕಾಲು ಮರಗಟ್ಟಿ ಹೋಗಿದ್ದವು. ಬೇರೆಯವರಾದರೆ ಹಾಗೇ ಹೊತ್ತುಕೊಂಡು ಹೋಗಬಹುದಿತ್ತು. ಲಿಂಗವಂತರಿಗೆ ಹಾಗಲ್ಲ. ಪೂಜೆಗೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂತಂತೆಯೇ ಗುಣಿಗೆ ಇಳಿಸಬೇಕು.

ಮುಜಫ್ಫರ್ ಮೂವತ್ತು ವರ್ಷ ಕಾರ್ಖಾನೆಯಲ್ಲಿ ಶರಣಪ್ಪನ ಜೊತೆ ಫಿಟ್ಟರ್ ಆಗಿದ್ದವನು. ಎಣ್ಣೆ ಸವರಿ, ಮಂಡಿಯ ಚಿಪ್ಪನ್ನು ಹೆಬ್ಬೆರಳಿನಿಂದ ತೀಡಿ ತೀಡಿ, ಕೊನೆಗೆ ಒಂದು ಕಾಲನ್ನು ಮಡಚಿದ. ಇನ್ನೊಂದೂ ಬಂತು. ಇಬ್ಬರೂ ಸೇರಿ ಹೆಣವನ್ನೆತ್ತಿ ಗೋಡೆಗೆ ಒರಗಿಸಿ ಕೂರಿಸಿದರು. ತಲೆ ವಾಲದ ಹಾಗೆ ಬಿಳಿ ಪಂಚೆಯಿಂದ ಹಣೆಗೂ ಕಿಟಕಿಯ ಸರಳಿಗೂ ಕಟ್ಟಿದರು. ಶರಣಪ್ಪ ಯಾವತ್ತಿನಂತೆ ಏನೂ ಮಾತಾಡದೆ ಕೂತ.

ಯಲಹಂಕದಿಂದ ಸ್ಕೂಟರಿನಲ್ಲಿ ಬಂದಿದ್ದ ಗುರುಪಾದಯ್ಯ ಸ್ವಾಮಿಗಳು ವಿಭೂತಿ ಗಟ್ಟಿ ಹಿಡಿದು ಮುಂದೆ ಬಂದರು. ಹಣೆಗೆ, ತೋಳಿಗೆ, ಎದೆಗೆ ಮೂರು ಮೂರು ಪಟ್ಟಿ ಎಳೆದರು. ಎದೆಯ ಹತ್ತಿರ ಕೈ ತಡೆಯಿತು.

"ಲಿಂಗ ಎಲ್ಲಮ್ಮಾ?"

ಕೋಣೆಯಲ್ಲಿದ್ದವರೆಲ್ಲ ಶರಣಪ್ಪನ ಹೆಂಡತಿ ನೀಲಕ್ಕನ ಕಡೆ ನೋಡಿದರು. ಆಕೆ ಮೂಲೆಯಲ್ಲಿ ಕಬ್ಬಿಣದ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತಿದ್ದಳು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

"ಪೆಟ್ಟಿಗ್ಯಾಗ ಐತ್ರೀ," ಅಂದಳು.

"ಆಸ್ಪತ್ರೇಲಿ ತೆಗೆದ್ರಾ?"

"ಇಲ್ರೀ. ನಾನ ತಗದೀನಿ. ಮೂವತ್ತು ವರ್ಷ ಆತು."

ಸ್ವಾಮಿಗಳ ಕೈಯಲ್ಲಿದ್ದ ವಿಭೂತಿ ಹಾಗೇ ಉಳಿಯಿತು.

*

ಈಗಿನವರಿಗೆ ಬೆಳ್ಳಕ್ಕಿ ಅಂದರೆ ಏನೆಂದು ಹೇಳಿಯೇ ತಿಳಿಸಬೇಕು. ಅದೊಂದು ಬಿಯರು. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿತ್ತು, ಅದನ್ನು ಓದುವ ಗೋಜಿಗೆ ಯಾರೂ ಹೋಗಲಿಲ್ಲ. ಒಂಟಿಕಾಲಲ್ಲಿ ನಿಂತ ಬೆಳ್ಳಕ್ಕಿಯ ಚಿತ್ರವಿತ್ತು, ಹೆಬ್ಬಾಳದ ಕೆರೆಯಲ್ಲಿ ಅಂಥವು ಬೇಕಾದಷ್ಟಿದ್ದವು, ಜನ ಹೆಸರಿಟ್ಟುಬಿಟ್ಟರು.

ಯಶವಂತಪುರದಲ್ಲಿ ಅದರ ಕಾರ್ಖಾನೆ. ಬೆಳಗ್ಗೆ ಆರಕ್ಕೆ ಅಲ್ಲಿಯ ಸೈರನ್ ಕೂಗಿದರೆ ಮತ್ತಿಕೆರೆಯ ತನಕ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಬಾರ್ಲಿ ಬೇಯುವ ದಿನ ಊರೆಲ್ಲ ಗಂಜಿಯ ವಾಸನೆ. ಸೋಸಿ ಉಳಿದ ಹಿಂಡಿಯನ್ನು ಸುತ್ತಲಿನ ದನ ಸಾಕುವವರು ಗಾಡಿಗಟ್ಟಲೆ ಒಯ್ಯುತ್ತಿದ್ದರು. ಹಾಗಾಗಿ ಆ ಕಡೆಯ ಮಡಿವಂತರ ಹೊಟ್ಟೆಗೂ ಹಾಲಿನ ದಾರಿಯಲ್ಲಿ ಒಂದಿಷ್ಟು ಬೆಳ್ಳಕ್ಕಿ ಹೋಗಿಯೇ ಇರುತ್ತದೆ ಎಂದು ಕುಡುಕರು ನಗುತ್ತಿದ್ದರು. ಖಾಲಿ ಬಾಟ್ಲಿಗಳಲ್ಲಿ ಮನೆಮನೆಯ ಹರಳೆಣ್ಣೆ, ಜೇನುತುಪ್ಪ. ಪಕ್ಕದ ಸಿಂಗಾಪುರ ಹಳ್ಳಿಯ ಮುನೇಶ್ವರನಿಗೆ ವರ್ಷಕ್ಕೊಮ್ಮೆ ಇಡುವ ಎಡೆಯಲ್ಲಿ ಬೇರೆ ಬಾಟ್ಲಿ ಇಟ್ಟರೆ ಪೂಜಾರಿಯ ಮೈಮೇಲೆ ದೇವರೇ ಬರುತ್ತಿರಲಿಲ್ಲ.

ಬಿಜಾಪುರದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ಶರಣಪ್ಪನಿಗೆ ರೈಲಿಳಿದ ವಾರಕ್ಕೇ ಅಲ್ಲಿ ಕೆಲಸ ಸಿಕ್ಕಿತು. ತೊಳೆದ ಬಾಟ್ಲಿಗಳು ಬೆಳಕಿನ ಪರದೆಯ ಮುಂದೆ ಸಾಲಾಗಿ ಹಾದುಹೋಗುತ್ತವೆ. ಸ್ಟೂಲಿನ ಮೇಲೆ ಕೂತು ನೋಡಬೇಕು. ಒಳಗೆ ಕಸವಿದ್ದರೆ, ಬೀಡಿ ತುಂಡಿದ್ದರೆ, ಜಿರಲೆಯಿದ್ದರೆ, ಗಾಜಿನಲ್ಲಿ ಕೂದಲೆಳೆಯ ಬಿರುಕಿದ್ದರೆ ಎತ್ತಿ ಆಚೆ ಇಡಬೇಕು. ಮೂವತ್ತೆರಡು ವರ್ಷ ಅವನು ಮಾಡಿದ್ದು ಇಷ್ಟೇ. ಬರಬರುತ್ತ ಕಣ್ಣಿಗಿಂತ ಕಿವಿ ಚುರುಕಾಯಿತು. ಬಾಟ್ಲಿಗೆ ಬಾಟ್ಲಿ ತಾಗುವ ಗಲಾಟೆಯ ನಡುವೆ ಬಿರುಕು ಬಿಟ್ಟದ್ದರ ಸದ್ದು ಅವನಿಗೆ ಬೇರೆಯಾಗಿ ಕೇಳುತ್ತಿತ್ತು. ತಲೆ ಎತ್ತದೆ ಕೈ ಚಾಚಿ ಅದನ್ನೇ ಎತ್ತುತ್ತಿದ್ದ. ಮನೆಯಲ್ಲೂ ಅದೇ ಚಾಳಿ. ನೀರಿನ ಲೋಟವನ್ನು ಕಿಟಕಿಗೆ ಹಿಡಿದು, ಒಂದು ಸುತ್ತು ತಿರುಗಿಸಿ, ಗಸಿ ಇಳಿಯುವ ತನಕ ಕಾದು, ನೋಡಿಯೇ ಕುಡಿಯುತ್ತಿದ್ದ.

ನೀಲಕ್ಕ ತವರಿನವರಿಗೆ ಗಂಡನದು ಸೋಡಾ ಫ್ಯಾಕ್ಟರಿ ಎಂದು ಹೇಳಿದ್ದಳು. ಮನೆಯಲ್ಲಿ ಮಠದ ಆಚಾರ ಅವಳದು. ಗಂಡ ಕೆಲಸದಿಂದ ಬಂದರೆ ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕು. ಅಂಗಿಯ ಹುಳಿ ವಾಸನೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

"ಖರೇ ಹೇಳ್ರಿ, ಒಂದ್ ಗುಟಕಾದ್ರೂ ಕುಡದೀರಿಲ್ಲ?" ಎಂದು ಮೊದಮೊದಲು ನಗುತ್ತಲೇ ಕೇಳುತ್ತಿದ್ದಳು.

"ಇಲ್ಲ ಮಾರಾಯ್ತಿ. ರುಚಿ ಹ್ಯಾಂಗೈತೆಂತಲೂ ಗೊತ್ತಿಲ್ಲ ನನಗ."

"ಬೆಳ್ಳಕ್ಕಿನೂ ಹಂಗ ನಿಂತಿರತೈತಿ, ಕಣ್ಣು ಮುಚಗೊಂಡು. ಮೀನ ಬಂದ್ಕೂಡ್ಲೆ ಗೊತ್ತಾಗತೈತಿ."

ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನ ಪಾಡು. ನಂಬಬೇಕೆಂದು ಅವಳಿಗೂ ಆಸೆಯೇ ಇತ್ತು, ಆದರೆ ಮೂಗು ಬಿಡಲಿಲ್ಲ.

ಪದ್ಮಶ್ರೀಗೆ ಒಂಬತ್ತು ವರ್ಷವಿದ್ದಾಗ ಶ್ರಾವಣದ ಒಂದು ಸೋಮವಾರ ನೀಲಕ್ಕ ಮನೆಯಲ್ಲಿ ಪಾದಪೂಜೆ ಇಟ್ಟುಕೊಂಡಳು. ಊರಿನ ಮಠದ ಸ್ವಾಮಿಗಳು ಬಂದಿದ್ದರು, ತವರಿನವರೆಲ್ಲ ಬಂದಿದ್ದರು. ಮಧ್ಯಾಹ್ನಕ್ಕೆ ರಜೆ ಹಾಕಿ ಬರುತ್ತೇನೆಂದ ಗಂಡ ಪೂಜೆಯ ನಡುವೆ ಬಾಗಿಲಲ್ಲಿ ನಿಂತ. ತಲೆಯಿಂದ ಪಾದದ ತನಕ ಬಿಯರಿನಲ್ಲಿ ನೆನೆದಿದ್ದ. ಹಣೆಯಲ್ಲಿ ಗಾಯ, ನಿಲ್ಲಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದ. ವಾಸನೆ ಧೂಪವನ್ನೂ ಮೀರಿ ಒಳಗೆ ನುಗ್ಗಿತು.

"ಸೋಡಾ ಫ್ಯಾಕ್ಟರಿ ಅಂದಿದ್ದೆಲ್ಲವಾ?" ಎಂದು ಯಾರೋ ಅಂದರು. ಯಾರೋ ನಕ್ಕರು.

ನೀಲಕ್ಕನಿಗೆ ಮುಂದೇನಾಯಿತೋ ಅವಳಿಗೇ ತಿಳಿಯಲಿಲ್ಲ. ಎದ್ದುಹೋಗಿ ಗಂಡನ ಅಂಗಿಯೊಳಗೆ ಕೈಹಾಕಿ ಶಿವದಾರವನ್ನು ಜಗ್ಗಿದಳು. "ಈ ಕೊರಳಿಗೆ ಇದು ಬ್ಯಾಡ!" ದಾರ ಹರಿಯಿತು, ಬೆಳ್ಳಿಯ ಕರಡಿಗೆಯ ಬಾಯಿ ತೆರೆದುಕೊಂಡಿತು, ಲಿಂಗ ಕಡಪಾ ಕಲ್ಲಿನ ನೆಲಕ್ಕೆ ಬಿತ್ತು. ಟಿಕ್ಕೆಂದು ಒಂದು ಸಣ್ಣ ಸದ್ದಾಯಿತು. ಶರಣಪ್ಪ ಎತ್ತಿಕೊಳ್ಳಲು ಬಗ್ಗಿದ. ಅವಳು ಅದಕ್ಕಿಂತ ಮುಂಚೆ ಬಾಚಿಕೊಂಡು, ನೋಡದೆಯೇ ವಸ್ತ್ರದಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು.

"ನಾ ಕುಡದಿಲ್ಲ," ಎಂದ ಶರಣಪ್ಪ. ಒಂದೇ ಸಲ.

"ಲಿಂಗದ ಮ್ಯಾಲ ಆಣಿ ಮಾಡ್ರಿ, ಕೊಡ್ತೀನಿ."

ಅವನು ಪೆಟ್ಟಿಗೆಯನ್ನು ನೋಡಿದ, ಅವಳನ್ನು ನೋಡಿದ. ಆಣೆ ಮಾಡಲಿಲ್ಲ. ಮೌನವೇ ಒಪ್ಪಿಗೆ ಎಂದು ಸ್ವಾಮಿಗಳೂ ತವರೂ ನೀಲಕ್ಕನೂ ತಿಳಿದರು. ಅಂದಿನಿಂದ ಅವನ ಲೋಟ ಬೇರೆ, ತಟ್ಟೆ ಬೇರೆ, ಹಾಸಿಗೆ ಪಡಸಾಲೆಯಲ್ಲಿ. ಜಗಲಿಯ ದೇವರನ್ನು ಅವನು ಮುಟ್ಟಲಿಲ್ಲ. ಬಿಸಿಬಿಸಿ ರೊಟ್ಟಿಯನ್ನು ಮಾತ್ರ ಅವಳು ಒಂದು ದಿನವೂ ತಪ್ಪಿಸಲಿಲ್ಲ. ತಟ್ಟೆಯನ್ನು ನೆಲದ ಮೇಲಿಟ್ಟು ಅವನತ್ತ ಸರಿಸುತ್ತಿದ್ದಳು.

*

"ಬೀಗ ತೆಗೀರಿ ತಾಯಿ," ಎಂದರು ಗುರುಪಾದಯ್ಯ. "ಗುರು ಕೊಟ್ಟ ಲಿಂಗ ಅವರ ಜೊತೆಗೇ ಹೋಗ್ಬೇಕು."

"ನಿಮ್ಮ ಚೀಲದಾಗ ಹೊಸಾದು ಇದ್ರ ಅದನ್ನ ಇಡ್ರಿ."

"ಅವ್ವಾ!" ಪದ್ಮಶ್ರೀಯ ದನಿ ಏರಿತು. ಕಾಲೇಜಿನಲ್ಲಿ ನೂರು ಮಕ್ಕಳನ್ನು ಕೂರಿಸುವ ದನಿ ಅದು. "ಇವತ್ತಾದ್ರೂ ಕೊಡು ಅವ್ವಾ. ನಾಲ್ಕು ತಾಸಿನ್ಯಾಗ ಮಣ್ಣಾಗ ಹೋಗ್ತಾನ."

"ನಂಗೂ ಕೊಡಬೇಕಂತ ಇಲ್ಲೇನ? ಮೂವತ್ತು ವರ್ಷ ಕಾದೀನಿ. ಆಣಿ ಮಾಡಿ ಒಂದ್ ಮಾತು ಹೇಳಿದ್ರ ಸಾಕಾಗಿತ್ತು ಅವ್ರು. ಹೇಳ್ಲಿಲ್ಲ. ಈಗ ನಾ ಕೊಟ್ರ ಅವ್ರ ಕೊರಳಿಂದ ಯಾಕ ಕಿತ್ತಿದ್ಯವ್ವಾ ಅಂತ ಆ ಶಿವ ಕೇಳ್ತಾನ. ಏನ್ ಹೇಳ್ಲಿ?"

ಸೊಂಟದಲ್ಲಿದ್ದ ಬೀಗದ ಕೈಯನ್ನು ಅವಳು ಮುಷ್ಟಿಯಲ್ಲಿ ಬಿಗಿ ಹಿಡಿದಳು. ಅವಳ ಹಟ ಕಂಡವರಿಗೆ ಕೋಪ ಬರುತ್ತಿತ್ತು. ಆದರೆ ಅವಳು ಹೆದರಿದ್ದಳು. ಗಂಡ ಕುಡುಕನೆಂದಾದರೆ ಅವನ ಪರಲೋಕ ಹಾಳು. ಅಲ್ಲವೆಂದಾದರೆ ಮೂವತ್ತು ವರ್ಷದ ತನ್ನ ಬಾಳೇ ಹಾಳು. ಎರಡರಲ್ಲಿ ಯಾವುದು ಬೇಡಿಕೊಳ್ಳಬೇಕೆಂದು ಬೆಳಗಿನಿಂದ ಅವಳಿಗೆ ತಿಳಿದಿರಲಿಲ್ಲ.

ಆ ಹೊತ್ತಿಗೆ ಮಹಡಿಗೆ ಹೋಗಿದ್ದ ದೊಡ್ಡಮುನಿಯಪ್ಪ ಇಳಿದು ಬಂದ. ಮನೆಯ ಮಾಲೀಕ ಅವನೇ. ಸಿಂಗಾಪುರ ಹಳ್ಳಿಯಾಗಿದ್ದಾಗ ಇಲ್ಲೇ ರಾಗಿ ಬೆಳೆದವನು, ಹೊಲಗಳೆಲ್ಲ ಲೇಔಟಾದ ಮೇಲೆ ಮೂರಂತಸ್ತು ಎಬ್ಬಿಸಿ ಕೆಳಗಿನ ಮನೆಯನ್ನು ಶರಣಪ್ಪನಿಗೆ ಬಾಡಿಗೆ ಕೊಟ್ಟವನು. ಕಂಕುಳಲ್ಲಿ ಟವಲು ಸುತ್ತಿದ ಏನನ್ನೋ ಮಗುವಿನ ಹಾಗೆ ಹಿಡಿದಿದ್ದ. ಸ್ವಾಮಿಗಳ ಮುಂದೆ ಬಂದು ಟವಲು ಬಿಚ್ಚಿದ. ಬೆಳ್ಳಕ್ಕಿ ಬಾಟ್ಲಿ. ಮುಚ್ಚಳ ತುಕ್ಕು ಹಿಡಿದಿತ್ತು, ಚೀಟಿ ಅರ್ಧ ಕಿತ್ತು ಹಕ್ಕಿಯ ಒಂಟಿಕಾಲು ಮಾತ್ರ ಉಳಿದಿತ್ತು.

"ಸಾಮೇರೆ, ತೆಪ್ಪು ತಿಳೀಬ್ಯಾಡಿ. ನಮ್ ಕಡೆ ಸತ್ತೋರಿಗೆ ಅವರವರ ಸಾಮಾನು ಮಡಗ್ತೀವಿ. ಇದೊಂದನ್ನ ಗುಣೀಲಿ ಅವನ ಪಕ್ಕ ಮಡಗ್ಬೇಕು."

ನೀಲಕ್ಕ ಎದ್ದೇಬಿಟ್ಟಳು. "ಗೌಡ್ರ! ಹೆಣ ಆದಮ್ಯಾಲೂ ಬಿಡೂದಿಲ್ಲೇನು ನೀವು? ಪ್ರತಿ ತಿಂಗಳ ಮೊದಲನೇ ಐತವಾರ ಕೆರಿ ಏರಿ ಮ್ಯಾಲೆ ಕರಕೊಂಡು ಹೋಗಿ ಕುಡಿಸಿದ್ದು ಸಾಲಲಿಲ್ಲ?"

"ಯಾರು ಕುಡ್ಸುದ್ರು?"

"ನೀವು! ನಾ ಏನ್ ಕುರುಡಿ ಅನ್ಕೊಂಡೀರೇನು? ಇವ್ರು ಎರಡು ಬಾಟ್ಲಿ ಚೀಲದಾಗ ಹಾಕ್ಕೊಂಡು ಹೋಗ್ತಿದ್ರು, ಖಾಲಿ ಬಾಟ್ಲಿ ತರ್ತಿದ್ರು."

ದೊಡ್ಡಮುನಿಯಪ್ಪ ಬಾಯಿ ಬಿಟ್ಟುಕೊಂಡು ಆಕೆಯನ್ನು ನೋಡಿದ. ಆಮೇಲೆ ಗೋಡೆಗೆ ಒರಗಿದ್ದ ಗೆಳೆಯನನ್ನು ನೋಡಿದ.

"ಅಯ್ಯೋ ತಾಯಿ. ಇಷ್ಟ್ ವರ್ಸ ನೀನು ಇಂಗ್ ತಿಳ್ಕಂಡಿದ್ಯಾ? ಅವನೆಲ್ಲಿ ಕುಡುದ? ಎರಡೂ ಬಾಟ್ಲಿ ನಾನೇ ಕುಡೀತಿದ್ದೆ ಕಣವ್ವಾ!"

*

ಬೆಳ್ಳಕ್ಕಿಯ ಕಾರ್ಖಾನೆಯಲ್ಲಿ ಪ್ರತಿಯೊಬ್ಬ ಕೆಲಸಗಾರನಿಗೂ ತಿಂಗಳಿಗೆ ಎರಡು ಬಾಟ್ಲಿ ಪಾಲು. ಮೊದಲನೇ ಶನಿವಾರ ಗೇಟಿನಲ್ಲಿ ಕೊಡುತ್ತಿದ್ದರು. ಕುಡಿಯದವರು ಮಾರಿಕೊಳ್ಳುತ್ತಿದ್ದರು. ಶರಣಪ್ಪ ಮಾರಲಿಲ್ಲ. ಭಾನುವಾರ ಸಂಜೆ ಸಿಂಗಾಪುರ ಕೆರೆಯ ಏರಿಯ ಮೇಲೆ ದೊಡ್ಡಮುನಿಯಪ್ಪನನ್ನು ಕೂರಿಸಿ, ಬಾಟ್ಲಿ ಕೊಟ್ಟು, ತಾನು ಕಡಲೆಕಾಯಿ ಸುಲಿಯುತ್ತ ಅವನ ಮುಖವನ್ನೇ ನೋಡುತ್ತಿದ್ದ.

"ಹ್ಯಾಂಗೈತಿ ಗೌಡ್ರ?"

"ಬೊಂಬಾಟಾಗೈತೆ."

"ಕಹಿ ಅಂತಾರಲ್ಲ, ಖರೇನೇನು?"

"ಒಸಿ ಕಹಿ. ಆಮೇಲಿಂದ ಸಿಹಿ. ಒಂದ್ ಗುಟುಕು ಆಕಿ ನೋಡ್ಲಾ, ನಿಂದೇ ಪಾಲು."

"ಬ್ಯಾಡ್ರಿ. ಮನ್ಯಾಗ ಇಲ್ಲ ಅಂತ ಹೇಳೀನಿ."

ಮೂವತ್ತೆರಡು ವರ್ಷ ಕಾದು ಕಳಿಸಿದ ವಸ್ತುವಿನ ರುಚಿಯನ್ನು ಅವನು ಇನ್ನೊಬ್ಬರ ಮುಖದಲ್ಲೇ ತಿಳಿದುಕೊಂಡ. ದೊಡ್ಡ ಕಂಪನಿಯೊಂದು ಬೆಳ್ಳಕ್ಕಿಯನ್ನು ಕೊಂಡ ಮೇಲೆ ಬಿಯರು ನೀರಾಯಿತು. ಮುನೇಶ್ವರನ ಪೂಜಾರಿಯೇ ಮುಖ ಹಿಂಡಿದ. ಆದರೂ ಏರಿಯ ಮೇಲೆ ಶರಣಪ್ಪ ಹ್ಯಾಂಗೈತಿ ಎಂದು ಕೇಳಿದಾಗ ದೊಡ್ಡಮುನಿಯಪ್ಪ ತುಟಿ ಚಪ್ಪರಿಸಿ, "ಬೊಂಬಾಟಾಗೈತೆ," ಎಂದೇ ಹೇಳಿದ. ಗೆಳೆಯನಿಗೆ ಅವನು ಹೇಳಿದ ಸುಳ್ಳು ಅದೊಂದೇ.

ಆಮೇಲೆ ಕಾರ್ಖಾನೆ ಮುಚ್ಚಿತು. ಬೇರೆ ಯಾವುದೋ ರಾಜ್ಯದಲ್ಲಿ ಎರಡು ವರ್ಷ ಅದೇ ಚೀಟಿ ಅಂಟಿಸಿದರು, ಬಳಿಕ ಅದನ್ನೂ ಬಿಟ್ಟರು. ಸೈರನ್ ಇದ್ದ ಜಾಗದಲ್ಲಿ ಇಪ್ಪತ್ತೆರಡು ಮಹಡಿ ಎದ್ದಿದೆ. ಯಲಹಂಕದ ಮಾಲ್‌ನಲ್ಲಿ ಈಗ ಆ ಹಕ್ಕಿಯ ಚಿತ್ರದ ಟೀಶರ್ಟು ಮಾರುತ್ತಾರೆ. ಪದ್ಮಶ್ರೀಯ ಕ್ಲಾಸಿನ ಹುಡುಗನೊಬ್ಬ ಹಾಕಿಕೊಂಡು ಬಂದಿದ್ದ, ಯಾವುದೋ ಫಾರಿನ್ ಬ್ರಾಂಡು ಮೇಡಂ ಅಂದ.

ಕೊನೆಯ ತಿಂಗಳ ಪಾಲನ್ನು ಕೊಡುವಾಗ ಶರಣಪ್ಪ ಒಂದು ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ನನ್ನ ಕಣ್ಣಿನ ಮುಂದ ಹಾದುಹೋದ ಕಡೇ ಸಾಲಿಂದು. ಇಟ್ಕೊಳ್ರಿ, ಕುಡೀಬ್ಯಾಡ್ರಿ," ಎಂದಿದ್ದ. ಅಂಥ ಕುಡುಕ ದೊಡ್ಡಮುನಿಯಪ್ಪ ಹದಿಮೂರು ವರ್ಷ ಅದನ್ನು ಮುಟ್ಟದೆ ಬೀರುವಿನಲ್ಲಿ ಇಟ್ಟಿದ್ದ.

*

"ಹಂಗಾರ ಆ ದಿನ?" ನೀಲಕ್ಕನ ದನಿ ಸಣ್ಣಗಾಗಿತ್ತು. "ಪಾದಪೂಜಿ ದಿನ? ಮೈಯೆಲ್ಲ ನೆಂದಿತ್ತು. ನಿಲ್ಲಾಕ ಆಗ್ತಿರಲಿಲ್ಲ."

ಮುಜಫ್ಫರ್ ಎಣ್ಣೆಯ ಕೈಯನ್ನು ಲುಂಗಿಗೆ ಒರೆಸಿಕೊಂಡ. ಹೇಳಲೋ ಬೇಡವೋ ಎಂದು ಶರಣಪ್ಪನ ಕಡೆ ಒಂದು ಸಲ ನೋಡಿದ.

"ಆವತ್ತು ಬಿಸಿನೀರಿನ ಮಷೀನಲ್ಲಿ ಬಿಯರು ತುಂಬಿದ ಬಾಟ್ಲಿ ಸಿಡಿದವು ಅಕ್ಕಾ. ಒಂದಲ್ಲ, ಸಾಲಿಗೆ ಸಾಲು. ಅಣ್ಣ ನನ್ನನ್ನ ಈಚೆ ಎಳೆಯೋಕೆ ಬಂದಿದ್ರು. ಗಾಜು ಹಣೆಗೆ ಹೊಡೀತು, ಬಿಯರೆಲ್ಲ ಮೈಮೇಲೆ. ಡಾಕ್ಟ್ರ ಹತ್ರ ಹೋಗೋಣ ಅಂದೆ, ಮನೇಲಿ ಪೂಜೆ ಇದೆ ಅಂತ ಹಂಗೇ ಬಂದ್ಬಿಟ್ರು. ತಲೆ ಸುತ್ತಿದ್ದು ಏಟಿಗೆ."

"ನೀ ಯಾಕ ಹೇಳ್ಲಿಲ್ಲ ನಂಗ?" ನೀಲಕ್ಕ ಕೂಗಿದಳು. "ಇದೇ ಮನೀಗೆ ಎಷ್ಟ್ ಸಲ ಬಂದೀ? ನನ್ನ ಕೈಲೆ ಚಾ ಕುಡದೀ!"

"ಮಾರನೇ ದಿನಾನೇ ಹೇಳೋಕೆ ಹೊರಟೆ ಅಕ್ಕಾ. ಅಣ್ಣ ಗೇಟಲ್ಲಿ ನನ್ನ ಕಾಲರ್ ಹಿಡಿದ್ರು. ಒಂದು ಸೊಳ್ಳೆ ಹೊಡೀದ ಮನುಷ್ಯ. ಹೇಳಿದ್ರೆ ನನ್ನ ಮುಖ ನೋಡಬೇಡ ಅಂದ್ರು. ಯಾಕೆ ಅಂತ ಮಾತ್ರ ನಂಗೆ ಇವತ್ತಿಗೂ ಹೇಳಿಲ್ಲ. 'ಆ ಗಂಟು ಬಿಚ್ಚಬಾರದು ಮುಜಫ್ಫರ್, ಬಿಚ್ಚಿದ್ರ ಆಕಿ ಉಳಿಯೂದಿಲ್ಲ,' ಅಷ್ಟೇ ಅಂದಿದ್ದು."

ಯಾವ ಗಂಟು ಎಂದು ಯಾರೂ ಕೇಳಲಿಲ್ಲ. ನೀಲಕ್ಕ ಪೆಟ್ಟಿಗೆಯ ಮುಂದೆ ಕುಸಿದು ಕೂತಳು. ಬೀಗದ ಕೈ ರಂಧ್ರಕ್ಕೆ ಸಿಗಲೇ ಇಲ್ಲ. ಪದ್ಮಶ್ರೀ ಅದನ್ನು ತೆಗೆದುಕೊಂಡು ತಾನೇ ತೆರೆದಳು. ರೇಷ್ಮೆ ಸೀರೆಗಳ ತಳದಲ್ಲಿ ಬಿಳಿ ವಸ್ತ್ರದ ಗಂಟು ಇತ್ತು, ಹಳದಿಗೆ ತಿರುಗಿತ್ತು.

ನೀಲಕ್ಕ ಅದನ್ನು ಕಣ್ಣಿಗೊತ್ತಿಕೊಂಡು ಬಿಚ್ಚಿದಳು. ಅಂಗೈ ಮೇಲೆ ಲಿಂಗ ಎರಡು ಹೋಳಾಗಿ ಬಿತ್ತು. ಹೊರಗಿನ ಕಪ್ಪು ಲೇಪವೂ ಒಳಗಿನ ಕಲ್ಲೂ ನಡುವೆ ಸೀಳಿದ್ದವು. ಸೀಳಿದ ಜಾಗದಲ್ಲಿ ಮೂವತ್ತು ವರ್ಷದ ಧೂಳಿತ್ತು.

ಲಿಂಗ ಭಿನ್ನವಾದರೆ ಪ್ರಾಣ ಬಿಡಬೇಕೆಂದು ನಂಬಿದ ಮನೆತನದಿಂದ ಬಂದವಳು ನೀಲಕ್ಕ. ಸಣ್ಣವಳಿದ್ದಾಗ ಅಜ್ಜಿ ಹೇಳಿದ್ದ ಕತೆಗಳಲ್ಲಿ ಹಾಗೆ ಪ್ರಾಣ ಬಿಟ್ಟವರೇ ಇದ್ದರು.

"ಅವತ್ತ ಒಡದೈತಿ," ಎಂದಳು. "ನನ್ನ ಕೈಯಿಂದ."

"ಅಪ್ಪಾಗ ಗೊತ್ತಿತ್ತೇನು?" ಪದ್ಮಶ್ರೀ ಮೆಲ್ಲಗೆ ಕೇಳಿದಳು.

ಮುಜಫ್ಫರ್ ತಲೆ ತಗ್ಗಿಸಿದ. ಅವನಿಗೆ ಈಗ ಅರ್ಥವಾಗಿತ್ತು. "ಬಿದ್ದಾಗ ಸದ್ದು ಆಯ್ತಾ ಅಕ್ಕಾ?"

"ಆತು. ಸಣ್ಣದು."

"ಸಾವಿರ ಬಾಟ್ಲಿ ನಡುವೆ ಬಿರುಕು ಬಿಟ್ಟಿದ್ದನ್ನ ಕಿವಿಯಲ್ಲೇ ಹಿಡಿಯೋರು ಅವರು," ಎಂದ ಮುಜಫ್ಫರ್. "ಗೊತ್ತಿಲ್ದೆ ಇರುತ್ತಾ?"

ಆಣೆ ಮಾಡಿದ್ದರೆ ಅವಳು ಗಂಟು ಬಿಚ್ಚುತ್ತಿದ್ದಳು. ಕುಡಿದಿಲ್ಲವೆಂದು ಸಾಬೀತಾಗಿದ್ದರೂ ಬಿಚ್ಚುತ್ತಿದ್ದಳು. ಅದಕ್ಕೆ ಶರಣಪ್ಪ ಕುಡುಕನಾಗಿಯೇ ಉಳಿದ. ನೆಲದ ಮೇಲೆ ಸರಿಸಿದ ತಟ್ಟೆಯಲ್ಲಿ ಮೂವತ್ತು ವರ್ಷ ಉಂಡ.

ನೀಲಕ್ಕ ಅತ್ತಳು. ಬೆಳಗಿನಿಂದ ಅಳದಿದ್ದುದು, ಮೂವತ್ತು ವರ್ಷ ಅಳದಿದ್ದುದು ಎಲ್ಲ ಸೇರಿ ಬಂತು. ಗಂಡನ ಎಡಗೈಯನ್ನು ಹಿಡಿದು ಹೋಳುಗಳನ್ನು ಅದರೊಳಗೆ ಇಡಲು ನೋಡಿದಳು. ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. "ಮುಜಫ್ಫರ್, ಇದನ್ನೂ ಬಿಡಿಸೋ ಎಪ್ಪಾ. ಕೊಡ್ತೀನಿ ಅಂತ ಹೇಳೋ ಅವ್ರಿಗೆ."

ಗುರುಪಾದಯ್ಯ ಬಗ್ಗಿ ಆಕೆಯ ಕೈ ಹಿಡಿದರು. ಅವರೂ ಕಣ್ಣೊರೆಸಿಕೊಳ್ಳುತ್ತಿದ್ದರು.

"ಬೇಡ ತಾಯಿ. ಭಿನ್ನ ಆಗಿರೋದನ್ನ ಕೈಯಲ್ಲಿ ಇಡೋ ಹಂಗಿಲ್ಲ. ಇದನ್ನ ನೀರಿಗೆ ಬಿಡ್ಬೇಕು."

ಅವರು ಚೀಲದಿಂದ ಹೊಸ ಲಿಂಗವೊಂದನ್ನು ತೆಗೆದರು. ಹೊಳೆಯುತ್ತಿತ್ತು. ಮುಜಫ್ಫರ್ ಒಂದೊಂದೇ ಬೆರಳನ್ನು ತೀಡಿ ಬಿಡಿಸಿದ. ಶರಣಪ್ಪನ ಕೈಯ ಬಿಸುಪನ್ನು ಯಾವತ್ತೂ ಕಾಣದ ಲಿಂಗವನ್ನು ತಣ್ಣಗಿನ ಅಂಗೈಯಲ್ಲಿಟ್ಟು ಕಟ್ಟಿದರು.

*

ಚಿಕ್ಕಜಾಲದಾಚೆಯ ರುದ್ರಭೂಮಿಯಲ್ಲಿ ಗುಣಿ ತಯಾರಾಗಿತ್ತು. ಮೆಟ್ಟಿಲಿನಂತೆ ತೋಡಿ, ತಳದಲ್ಲಿ ಒಂದು ಗೂಡು ಕೊರೆದಿದ್ದರು. ಶರಣಪ್ಪನನ್ನು ಕೂತ ಭಂಗಿಯಲ್ಲೇ ಇಳಿಸಿ ಗೂಡಿನಲ್ಲಿ ಕೂರಿಸಿದರು. ಪತ್ರೆ, ವಿಭೂತಿ, ಉಪ್ಪು ಸುರಿದರು. ಮೇಲೆ ವಿಮಾನವೊಂದು ಚಕ್ರ ಬಿಚ್ಚಿಕೊಂಡು ಇಳಿಯುತ್ತಿತ್ತು. ಅದರ ಸದ್ದು ಹೋಗುವ ತನಕ ಸ್ವಾಮಿಗಳು ಮಂತ್ರ ನಿಲ್ಲಿಸಿ ಕಾದರು.

ದೊಡ್ಡಮುನಿಯಪ್ಪ ಟವಲಿನ ಗಂಟನ್ನು ಹಿಡಿದು ಗುಣಿಯ ಅಂಚಿಗೆ ಬಂದ.

"ಅದು ಬೇಡಪ್ಪ," ಎಂದರು ಗುರುಪಾದಯ್ಯ. "ಇಲ್ಲಿ ಅದು ಆಗಲ್ಲ."

"ಕುಡಿಯಾಕಲ್ಲ ಸಾಮಿ. ಅವನ ಕೆಲಸ ಅದು."

"ಆಗಲ್ಲ."

ದೊಡ್ಡಮುನಿಯಪ್ಪ ಟವಲು ಬಿಚ್ಚಿ ಬಾಟ್ಲಿಯನ್ನು ಹೊರತೆಗೆದ. ನೀಲಕ್ಕ ಕೈ ಚಾಚಿದಳು. ಅವನು ಕೊಟ್ಟ. ನಲವತ್ತೈದು ವರ್ಷದ ಸಂಸಾರದಲ್ಲಿ ಅವಳು ಬೆಳ್ಳಕ್ಕಿಯ ಬಾಟ್ಲಿಯನ್ನು ಮುಟ್ಟಿದ್ದು ಅದೇ ಮೊದಲು. ಎಡಗೈ ಮುಷ್ಟಿಯಲ್ಲಿ ಒಡೆದ ಲಿಂಗವಿತ್ತು. ಬಲಗೈಯಿಂದ ಬಾಟ್ಲಿಯ ಕೊರಳು ಹಿಡಿದುಕೊಂಡಳು.

"ಅವ್ವಾ, ಮಣ್ಣು ಹಾಕು ಬಾ," ಎಂದಳು ಪದ್ಮಶ್ರೀ.

ನೀಲಕ್ಕ ಗುಣಿಯ ಕಡೆ ಬರಲಿಲ್ಲ. ನಾಲ್ಕು ಹೆಜ್ಜೆ ಆಚೆ, ಬಿಸಿಲಿಗೆ ಹೋಗಿ ನಿಂತಳು. ಗಂಡ ನೀರಿನ ಲೋಟವನ್ನು ಕಿಟಕಿಗೆ ಹಿಡಿಯುತ್ತಿದ್ದ ಹಾಗೆ ಬಾಟ್ಲಿಯನ್ನು ಸೂರ್ಯನಿಗೆ ಎತ್ತಿ ಹಿಡಿದಳು. ಒಂದು ಸುತ್ತು ತಿರುಗಿಸಿದಳು. ಹದಿಮೂರು ವರ್ಷದಿಂದ ತಳದಲ್ಲಿ ಕೂತಿದ್ದ ಗಸಿಯೆಲ್ಲ ಮೇಲೆದ್ದು ಒಳಗೆ ಮೋಡ ಕವಿದಂತಾಯಿತು. ಏನೂ ಕಾಣಲಿಲ್ಲ.

ಹಿಂದೆ ಮಣ್ಣು ಬೀಳುವ ಸದ್ದು ಶುರುವಾಯಿತು. ಮೊದಲು ಹಿಡಿಹಿಡಿಯಾಗಿ, ಆಮೇಲೆ ಸಲಿಕೆಯಿಂದ.

"ಬಾ ಅವ್ವಾ, ಮುಚ್ಚಾಕತ್ಯಾರ," ಪದ್ಮಶ್ರೀ ಮತ್ತೆ ಕರೆದಳು.

"ತಡಿ," ಎಂದಳು ನೀಲಕ್ಕ. ಎತ್ತಿದ ಕೈ ಇಳಿಸಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು, ಗಸಿ ಇಳಿಯುವುದನ್ನೇ ಕಾಯುತ್ತ ನಿಂತಿದ್ದಳು.